ಇದು ದೇವರ ನಡೆಸುವಿಕೆಯೋ, ನನ್ನದೇ ಯೋಚನೆಯೋ? ನೀವು ಹೇಗೆ ಗುರುತಿಸುತ್ತೀರಿ?

ಮೂಡಣ_ಬೆಳಕು
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಇಲ್ಲಿ ಓದೋದೇ ಹೆಚ್ಚು, ಬರೆಯೋದು ಕಡಿಮೆ. ಆದರೆ ಈ ಪ್ರಶ್ನೆ ನಿದ್ದೆ ಕೆಡಿಸುತ್ತಿದೆ.

ಕೆಲವು ತಿಂಗಳಿಂದ ಪ್ರಾರ್ಥನೆಗೆ ಕೂತಾಗಲೆಲ್ಲ ಒಂದೇ ಮಾತು ಮನಸ್ಸಿಗೆ ಬರುತ್ತಿದೆ: ಕೆಲಸ ಬಿಡು, ಪೂರ್ಣಾವಧಿ ಸೇವೆಗೆ ಹೋಗು, ಯೌವನಸ್ಥರ ನಡುವೆ ಕೆಲಸ ಮಾಡು. ಬೈಬಲ್ ಓದುವಾಗಲೂ ಅದಕ್ಕೆ ಹೊಂದುವ ವಚನಗಳೇ ಕಣ್ಣಿಗೆ ಬೀಳುತ್ತವೆ. ಸಭೆಯ ಪಾಸ್ಟರ್ ಅವರಿಗೆ ಹೇಳಿದೆ. "ಇದು ಕರೆಯೇ, ಸಂಶಯ ಪಡೋದು ಸೈತಾನನಿಂದ" ಅಂದರು. ಹೆಂಡತಿ ಮಾತ್ರ "ಸ್ವಲ್ಪ ತಡೀರಿ" ಅನ್ನುತ್ತಾಳೆ.

ನನ್ನ ಕಷ್ಟ ಏನೆಂದರೆ, ಆಫೀಸಿನಲ್ಲಿ ಈಗ ನನಗೆ ಸಾಕುಸಾಕಾಗಿದೆ. ಬಿಟ್ಟರೆ ಸಾಕು ಅನ್ನುವ ಆಸೆ ಈ ಕರೆಗಿಂತ ಮುಂಚಿನಿಂದಲೂ ಇದೆ. ಒಳಗೆ ಕೇಳುವ ಮಾತು ನನ್ನದೇ ದನಿಯಲ್ಲಿ, ನನ್ನದೇ ಪದಗಳಲ್ಲಿ ಬರುತ್ತದೆ. ಹಾಗಿದ್ದ ಮೇಲೆ ಇದು ದೇವರದು, ಇದು ನನ್ನದು ಅಂತ ಹೇಗೆ ಬೇರೆ ಮಾಡೋದು? ವಚನ ಓದಿ, ಪ್ರಾರ್ಥನೆ ಮಾಡಿ ಅನ್ನುವ ಉತ್ತರ ಬೇಡ, ಅದನ್ನು ಮಾಡುತ್ತಲೇ ಇದ್ದೇನೆ.

ಕರ್ತನ_ಕೂಸು
ಬ್ರದರ್, ಸಮಾಧಾನ ಇದೆಯಾ? ಸಮಾಧಾನ ಇದ್ದರೆ ದೇವರದು, ಇಲ್ಲದಿದ್ದರೆ ಅಲ್ಲ. ಕೊಲೊಸ್ಸೆಯವರಿಗೆ 3:15, ಕ್ರಿಸ್ತನ ಸಮಾಧಾನ ನಿಮ್ಮ ಹೃದಯಗಳಲ್ಲಿ ಆಳಲಿ ಅಂತ ಇದೆ.

ಬೆರೋಯದವ
ಆ ವಚನವನ್ನು ಅದರ ಹಿಂದಿನ ಮುಂದಿನ ವಚನಗಳ ಜೊತೆ ಓದಿ. ಸಭೆಯವರು ಒಬ್ಬರ ಜೊತೆ ಒಬ್ಬರು ಜಗಳವಾಡದೆ ಹೇಗೆ ಬಾಳಬೇಕು ಅನ್ನುವ ಮಾತು ಅಲ್ಲಿರೋದು. ಕೆಲಸ ಬಿಡಬೇಕಾ ಬೇಡವಾ ಅಂತ ತೀರ್ಮಾನಿಸುವ ಮಾಪಕ ಅಲ್ಲ. ಯೋನನು ದೇವರಿಂದ ಓಡಿಹೋಗುತ್ತಿದ್ದಾಗ ಹಡಗಿನ ತಳದಲ್ಲಿ ಗಾಢವಾಗಿ ನಿದ್ದೆ ಹೊಡೆಯುತ್ತಿದ್ದ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮನಗುಂದಿ ತಳಮಳಗೊಂಡರು. ಸಮಾಧಾನವೇ ಗುರುತಾದರೆ ಯೋನ ಸರಿ ಅಂದ ಹಾಗಾಯಿತು.

ಕರ್ತನ_ಕೂಸು
ಯೋನನಿಗೆ ಇದ್ದದ್ದು ಸಮಾಧಾನ ಅಂತ ಎಲ್ಲಿ ಬರೆದಿದೆ? ನಿದ್ದೆ ಅಂತ ಬರೆದಿದೆ. ಎರಡೂ ಒಂದೇನಾ?

ಹೊಸಬ
ಇದು ಒಳ್ಳೇ ಪಾಯಿಂಟ್ 😀

ಬೆರೋಯದವ
ಸರಿ, ಯೋನನನ್ನು ಬಿಡೋಣ. ಗೆತ್ಸೇಮನೆಗೆ ಉತ್ತರ ಕೊಡಿ.

ಗಿದ್ಯೋನ300
ಗುರುತು ಕೇಳಿ ಅಷ್ಟೇ. "ಈ ತಿಂಗಳೊಳಗೆ ಇಂಥದ್ದು ಆದರೆ ಬಿಡುತ್ತೇನೆ" ಅಂತ ಪ್ರಾರ್ಥನೆ ಮಾಡಿ. ಗಿದ್ಯೋನ ಉಣ್ಣೆ ಹಾಸಿ, ಮಂಜು ಉಣ್ಣೆಯ ಮೇಲೆ ಮಾತ್ರ ಬೀಳಲಿ, ಆಮೇಲೆ ನೆಲದ ಮೇಲೆ ಮಾತ್ರ ಬೀಳಲಿ ಅಂತ ಕೇಳಲಿಲ್ಲವಾ, ದೇವರು ಎರಡು ಸಲವೂ ಕೊಟ್ಟರು.

ತಾಳ್ಮೆ
ಮಗಾ, ಆ ಅಧ್ಯಾಯವನ್ನು ಮೊದಲಿಂದ ಓದು. ನ್ಯಾಯಸ್ಥಾಪಕರು 6ರಲ್ಲಿ ಉಣ್ಣೆಯ ಮಾತು ಬರೋದು 36ನೇ ವಚನದಲ್ಲಿ. "ಹೋಗು, ನಾನೇ ನಿನ್ನನ್ನು ಕಳಿಸುತ್ತೇನೆ" ಅನ್ನುವ ಮಾತು 14ರಲ್ಲೇ ಆಗಿಹೋಗಿದೆ. ದೇವರ ಚಿತ್ತ ಏನು ಅಂತ ತಿಳಿಯೋದಕ್ಕೆ ಗಿದ್ಯೋನ ಉಣ್ಣೆ ಹಾಸಲಿಲ್ಲ. ತಿಳಿದಿದ್ದರೂ ಧೈರ್ಯ ಸಾಲದೆ ಹಾಸಿದ. ಕೋಪ ಮಾಡಿಕೊಳ್ಳಬೇಡಿ ಅಂತ ಅವನೇ ಬೇಡಿಕೊಳ್ಳುತ್ತಾನೆ. ದೇವರು ಸಹಿಸಿಕೊಂಡರು. ಅವರು ಸಹಿಸಿಕೊಂಡದ್ದನ್ನು ನಾವು ಪದ್ಧತಿ ಮಾಡಿಕೊಳ್ಳಬಾರದು.

ಮೂಡಣ, ನಿನ್ನ ಪ್ರಶ್ನೆ ಓದಿದೆ. ಒಂದು ಕೇಳುತ್ತೇನೆ, ಬೇಗ ಉತ್ತರ ಕೊಡಬೇಡ. "ಇದೇ ಆಫೀಸಿನಲ್ಲಿ ಇರು" ಅಂತ ದೇವರು ಹೇಳಿದರೆ ಅದನ್ನು ನೀನು ದೇವರ ಮಾತು ಅಂತ ಒಪ್ಪುತ್ತೀಯಾ? ಅಥವಾ ಇನ್ನೂ ಪ್ರಾರ್ಥನೆ ಮಾಡಬೇಕು ಅನ್ನುತ್ತೀಯಾ?

ಸುಮ್ನೆ_ಓದೋಳು
ಅಮ್ಮ 🙏 ಇದನ್ನು ನನಗೆ ಯಾರಾದರೂ ಮೊದಲೇ ಕೇಳಬೇಕಿತ್ತು.

ಇಗರ್ಜಿ_ಗಂಟೆ
ನಾನು ಕಥೋಲಿಕ, ಆದರೂ ಬರೆಯಲೇ? ನಮ್ಮಲ್ಲಿ ಈ ವಿಷಯದ ಮೇಲೆ ಬಹಳ ಹಿಂದಿನಿಂದಲೂ ಕೆಲಸ ಆಗಿದೆ.

ಲೊಯೋಲಾದ ಇಗ್ನೇಷಿಯಸ್ ಸೈನಿಕ. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಅಲ್ಲಿ ಅವನ ಮನಸ್ಸು ಎರಡು ಕಡೆ ಓಡುತ್ತಿತ್ತು. ಒಂದು, ವೀರಯೋಧನಾಗಿ ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮೆಚ್ಚುಗೆ ಗಳಿಸುವ ಕನಸು. ಇನ್ನೊಂದು, ಸಂತರ ಹಾಗೆ ಕ್ರಿಸ್ತನಿಗಾಗಿ ಎಲ್ಲ ಬಿಟ್ಟು ನಡೆಯುವ ಕನಸು. ಯೋಚಿಸುತ್ತಿರುವಾಗ ಎರಡೂ ಖುಷಿಯನ್ನೇ ಕೊಡುತ್ತಿದ್ದವು. ಗಮನಿಸಿ, ಇದು ಮುಖ್ಯ: ಆ ಕ್ಷಣದಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಕಂಡದ್ದು ಆಮೇಲೆ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಹೋಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಅಂದರೆ ಯೋಚನೆ ಬಂದಾಗ ಹೇಗನಿಸಿತು ಅನ್ನೋದಕ್ಕಿಂತ ಅದು ಹೋದ ಮೇಲೆ ನಿಮ್ಮನ್ನು ಎಲ್ಲಿ ಬಿಟ್ಟುಹೋಯಿತು ಅನ್ನೋದನ್ನು ನೋಡಬೇಕು.

ಅವರದೇ ಇನ್ನೊಂದು ನಿಯಮ ಮೂಡಣ ಅವರಿಗೆ ನೇರವಾಗಿ ಸಂಬಂಧಿಸಿದ್ದು. ಮನಸ್ಸು ಕುಗ್ಗಿ, ಬೇಸತ್ತು, ದೇವರು ದೂರವಾದ ಹಾಗೆ ಅನಿಸುವ ಕಾಲದಲ್ಲಿ ಹಿಂದೆ ಮಾಡಿದ್ದ ನಿರ್ಧಾರವನ್ನು ಬದಲಿಸಬಾರದು. ದಣಿದಿರುವಾಗ ದಾರಿ ಬದಲಿಸಬೇಡಿ.

ಬೆರೋಯದವ
ಕಥೋಲಿಕ ಪದ್ಧತಿಯ ಬಗ್ಗೆ ನನಗೆ ತಕರಾರು ಇದೆ, ಅದು ಬೇರೆ ಚರ್ಚೆ. ಈ ಎರಡನೇ ನಿಯಮ ಮಾತ್ರ ಒಪ್ಪುತ್ತೇನೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ "ಸಾಕು, ನನ್ನ ಪ್ರಾಣ ತೆಗೆ" ಅಂದಾಗ ದೇವರು ಮೊದಲು ಅವನಿಗೆ ಹೊಸ ಕರೆ ಕೊಡಲಿಲ್ಲ. ಮಲಗಲು ಬಿಟ್ಟರು, ದೂತ ಊಟ ಕೊಟ್ಟ, ಮತ್ತೆ ಮಲಗಿದ, ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ ಹೋರೇಬ್ ಬೆಟ್ಟದಲ್ಲಿ.

ಕರ್ತನ_ಕೂಸು
ನೀವಿಬ್ಬರೂ ಹೀಗೆ ಮಾತಾಡಿದರೆ ಯಾರೂ ದೇವರ ಕರೆಗೆ ಹೊರಡುವುದೇ ಇಲ್ಲ. ಅಬ್ರಹಾಮ ಕಮಿಟಿ ಮಾಡಿ ಹೊರಟನಾ? ಮತ್ತಾಯ ಸುಂಕದ ಕಟ್ಟೆಯಿಂದ ಎದ್ದು ಹೋದ, ರಜೆ ಅರ್ಜಿ ಹಾಕಲಿಲ್ಲ. ಪವಿತ್ರಾತ್ಮ ಇವತ್ತಿಗೂ ಮಾತಾಡುತ್ತಾರೆ. ನಮ್ಮ ಮನೆಯಲ್ಲೇ ಆಗಿದೆ. ಒಬ್ಬ ಹಳೇ ಸ್ನೇಹಿತನಿಗೆ ಈಗಲೇ ಫೋನ್ ಮಾಡು ಅಂತ ನನಗೆ ಬಲವಾಗಿ ಅನಿಸಿತು, ಕಾರಣ ಏನೂ ಇರಲಿಲ್ಲ. ಮಾಡಿದೆ. ಅವನು ಆ ಹೊತ್ತಿಗೆ ಸಾಯುವ ಯೋಚನೆಯಲ್ಲಿ ಕೂತಿದ್ದ. ಇದು ನನ್ನ ಸ್ವಂತ ಯೋಚನೆ ಅಂತ ಹೇಳಿ ನೋಡೋಣ.

ಬೆರೋಯದವ
ಇಲ್ಲ, ಹಾಗೆ ಹೇಳುವುದಿಲ್ಲ. ದೇವರಿಗೆ ಸ್ತೋತ್ರ. ನಿಮ್ಮ ಸ್ನೇಹಿತ ಬದುಕಿದ್ದು ನನಗೂ ಸಂತೋಷ.

ಆದರೆ ಒಂದು ಫೋನ್ ಮಾಡಿ ಏನೂ ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ. ಅಂಥ ಪ್ರೇರಣೆಗೆ ತಕ್ಷಣ ಓಗೊಡಿ, ನಾನೂ ಓಗೊಡುತ್ತೇನೆ. ಸಂಬಳ ಬಿಟ್ಟು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಡುವ ಮಾತಿಗೆ ಅದೇ ಅಳತೆ ಸಾಲದು. ಮಾತು ಎಷ್ಟು ದೊಡ್ಡದೋ ಪರೀಕ್ಷೆಯೂ ಅಷ್ಟು ದೊಡ್ಡದಿರಬೇಕು.

ಸುಮ್ನೆ_ಓದೋಳು
ನಾನು ಸಾಮಾನ್ಯವಾಗಿ ಬರೆಯಲ್ಲ. ಇದಕ್ಕೆ ಬರೀಲೇಬೇಕು.

ನನಗೆ ಇಪ್ಪತ್ತರ ಆಸುಪಾಸು. ನಮ್ಮ ಪ್ರಾರ್ಥನಾ ಗುಂಪಿನ ಒಬ್ಬರು ಬಂದು "ನೀನೇ ನನ್ನ ಹೆಂಡತಿ ಅಂತ ಕರ್ತನು ತೋರಿಸಿದ್ದಾನೆ" ಅಂದರು. ಅದಕ್ಕೆ ಏನು ಹೇಳಬೇಕು ಹೇಳಿ? ಇಷ್ಟ ಇಲ್ಲ ಅಂದರೆ ದೇವರಿಗೇ ಇಲ್ಲ ಅಂದ ಹಾಗೆ. ಗುಂಪಿನವರೆಲ್ಲ ದರ್ಶನ ಅಂದರು. ಎಷ್ಟು ರಾತ್ರಿ ಅತ್ತಿದ್ದೇನೋ. ಕೊನೆಗೆ ನನ್ನ ದೊಡ್ಡಮ್ಮ ಒಂದೇ ಮಾತು ಕೇಳಿದರು: "ಮದುವೆ ಇಬ್ಬರದು. ದೇವರಿಗೆ ನಿನ್ನ ವಿಳಾಸ ಗೊತ್ತಿಲ್ವಾ?" ಅಷ್ಟೇ, ನಾನು ಬೇಡ ಅಂದೆ. ಆ ಮನುಷ್ಯ ಕೆಲವೇ ತಿಂಗಳಲ್ಲಿ ಇನ್ನೊಬ್ಬಳಿಗೆ ಅದೇ ಮಾತು ಹೇಳಿದರು.

ಹಾಗಾಗಿ "ದೇವರು ಹೇಳಿದರು" ಅನ್ನೋ ಮಾತನ್ನು ಇನ್ನೊಬ್ಬರ ಮೇಲೆ ಹೊರಿಸೋ ಮುಂಚೆ ದಯವಿಟ್ಟು ನಡುಗಿ. "ನನಗೆ ಹೀಗನಿಸುತ್ತಿದೆ, ನೀವೂ ಪ್ರಾರ್ಥನೆ ಮಾಡಿ ನೋಡಿ" ಅಂದರೆ ಎದುರಿಗಿರುವವರಿಗೆ ಉಸಿರಾಡಲು ಜಾಗ ಸಿಗುತ್ತದೆ.

ಹೊಸಬ
ದೊಡ್ಡಮ್ಮನಿಗೆ ದೊಡ್ಡ ನಮಸ್ಕಾರ.

ಕರ್ತನ_ಕೂಸು
ಸಿಸ್ಟರ್, ಇದು ತಪ್ಪೇ. ಇದನ್ನು ನಾನು ಸಮರ್ಥಿಸುವುದಿಲ್ಲ. 1 ಕೊರಿಂಥ 14:29 ಪ್ರಕಾರ ಪ್ರವಾದನೆ ಬಂದರೆ ಉಳಿದವರು ವಿವೇಚಿಸಬೇಕು. ವಿವೇಚನೆ ಇಲ್ಲದ ಗುಂಪು ಆತ್ಮನ ಹೆಸರು ಹೇಳಬಾರದು.

ತಾಳ್ಮೆ
1 ಅರಸುಗಳು 13 ಓದಿದ್ದೀರಾ? ಯೆಹೂದದಿಂದ ಬಂದ ದೇವರ ಮನುಷ್ಯನಿಗೆ "ಅಲ್ಲಿ ಉಣ್ಣಬೇಡ, ಕುಡಿಯಬೇಡ, ಬಂದ ದಾರಿಯಲ್ಲಿ ಹಿಂತಿರುಗಬೇಡ" ಅಂತ ಸ್ಪಷ್ಟ ಮಾತು ಸಿಕ್ಕಿತ್ತು. ಬೇತೇಲಿನ ಮುದಿ ಪ್ರವಾದಿ ಬಂದು "ನಾನೂ ಪ್ರವಾದಿಯೇ, ದೂತನು ನನಗೆ ಹೇಳಿದ" ಅಂತ ಸುಳ್ಳು ಹೇಳಿ ಕರೆದುಕೊಂಡು ಹೋದ. ಅವನ ಮನೆಯಲ್ಲಿ ಉಂಡು ಹೊರಟವನನ್ನು ದಾರಿಯಲ್ಲಿ ಸಿಂಹ ಕೊಂದಿತು. ಹಿರಿಯ, ಅನುಭವಿ, ಪ್ರವಾದಿ ಅನ್ನುವ ಹೆಸರಿದ್ದವನು ಹೇಳಿದ ಅಂತ ತನಗೆ ಗೊತ್ತಿದ್ದದ್ದನ್ನು ಬಿಟ್ಟುಕೊಟ್ಟ. ಪಾಸ್ಟರ್ ಹೇಳಿದರು ಅನ್ನುವುದು ಮೂಡಣನಿಗೆ ಸಾಕ್ಷಿ ಹೌದು, ತೀರ್ಪು ಅಲ್ಲ.

ಬೆರೋಯದವ
ಒಳ್ಳೆಯ ಪ್ರವಾದಿಯೂ ತನ್ನ ಸ್ವಂತ ಮಾತನ್ನು ದೇವರದು ಅಂತ ತಿಳಿದ ಉದಾಹರಣೆ ಇದೆಯಲ್ಲ. 2 ಸಮುವೇಲ 7. ದೇವಾಲಯ ಕಟ್ಟಬೇಕು ಅಂತ ದಾವೀದನಿಗೆ ಆಸೆ. ನಾತಾನ "ಮನಸ್ಸಿನಲ್ಲಿರುವುದನ್ನೆಲ್ಲ ಮಾಡು, ಯೆಹೋವನು ನಿನ್ನ ಸಂಗಡ ಇದ್ದಾನೆ" ಅಂದುಬಿಟ್ಟ. ಅದೇ ರಾತ್ರಿ ದೇವರು ಅವನನ್ನು ವಾಪಸ್ ಕಳಿಸಿದರು, ನೀನಲ್ಲ ನಿನ್ನ ಮಗ ಕಟ್ಟುತ್ತಾನೆ ಅಂತ. ಆಸೆ ಒಳ್ಳೆಯದು, ಪ್ರವಾದಿ ಒಳ್ಳೆಯವನು, ಕೆಲಸ ದೇವರ ಕೆಲಸ. ಆದರೂ ಆ ಮಾತು ದೇವರದಾಗಿರಲಿಲ್ಲ. ಹೊಸ ಅರಸನನ್ನು ಅಭಿಷೇಕಿಸಲು ಹೋದ ಸಮುವೇಲನೂ ದಾವೀದನ ಅಣ್ಣ ಎಲೀಯಾಬನನ್ನು ಕಂಡು "ಇವನೇ" ಅಂದುಕೊಂಡ. ಅಂಥವರಿಗೇ ಹೀಗಾದರೆ ನಾವು ಯಾರು?

ಮನೋಸೇವಕಿ
ಒಂದು ಬೇರೆ ಮಾತು. ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್, ವಿಶ್ವಾಸಿ ಕೂಡ.

ಇಲ್ಲಿ ಓದುವವರಲ್ಲಿ ಕೆಲವರಿಗೆ ಈ ಪ್ರಶ್ನೆ ಮೂಡಣ ಅವರಿಗಿರುವ ಹಾಗೆ ಇರುವುದಿಲ್ಲ. ದಿನವಿಡೀ "ಇದು ದೇವರ ಮಾತಾದರೆ? ನಾನು ಕೇಳದಿದ್ದರೆ ಶಿಕ್ಷೆ ಆದರೆ?" ಅಂತ ತಲೆ ತಿನ್ನುತ್ತಿರುತ್ತದೆ. ಬೇಡದ ದೇವದೂಷಣೆಯ ಯೋಚನೆ ಬರುತ್ತದೆ, ಕ್ಷಮೆ ಕೇಳುತ್ತಾರೆ, ಸರಿಯಾಗಿ ಕೇಳಲಿಲ್ಲ ಅನಿಸಿ ಮತ್ತೆ ಕೇಳುತ್ತಾರೆ. ಇದು ಗೀಳು ಕಾಯಿಲೆಯ ಒಂದು ರೂಪ ಇರಬಹುದು. ಚಿಕಿತ್ಸೆ ಇದೆ, ಗುಣವಾಗುವವರು ಇದ್ದಾರೆ. ಅವರಿಗೆ "ಇನ್ನೂ ಹೆಚ್ಚು ಪ್ರಾರ್ಥನೆ ಮಾಡು, ಇನ್ನೂ ಪರೀಕ್ಷಿಸು" ಅಂದರೆ ಗೀಳು ಹೆಚ್ಚುತ್ತದೆ. ಅವರು ಯೋಚನೆಯನ್ನು ಪರೀಕ್ಷಿಸುತ್ತಾ ಕೂರದೆ ಡಾಕ್ಟರನ್ನು ನೋಡಬೇಕು.

ಇನ್ನು, ಯಾರೂ ಇಲ್ಲದಾಗ ಕಿವಿಗೆ ಮಾತು ಕೇಳುತ್ತಿದ್ದರೆ, ತನಗೋ ಇನ್ನೊಬ್ಬರಿಗೋ ಕೆಡುಕು ಮಾಡು ಅಂತ ಆ ಮಾತು ಹೇಳುತ್ತಿದ್ದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಮನೆಯವರು ಉಪವಾಸ ಕೂಡಲಿ, ಪ್ರಾರ್ಥಿಸಲಿ, ಆದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪ್ರಾರ್ಥಿಸಲಿ.

ಆರೋಗ್ಯವಾಗಿರುವವರಿಗೂ ಒಂದು ವ್ಯತ್ಯಾಸ ಸಹಾಯಕ್ಕೆ ಬರುತ್ತದೆ. ಪವಿತ್ರಾತ್ಮರು ಪಾಪದ ಅರಿವು ಕೊಡುವಾಗ ವಿಷಯ ಸ್ಪಷ್ಟವಾಗಿರುತ್ತದೆ: ಇಂಥ ಮಾತಾಡಿದೆ, ಹೋಗಿ ಅವರಲ್ಲಿ ಕ್ಷಮೆ ಕೇಳು. ಮುಂದೆ ದಾರಿ ಇರುತ್ತದೆ. "ನೀನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನುವ ಮಬ್ಬು ಆಪಾದನೆಗೆ ದಾರಿಯೇ ಇರುವುದಿಲ್ಲ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧನಿರ್ಣಯವೇ ಇಲ್ಲ ಅನ್ನುವ ರೋಮಾಪುರದವರಿಗೆ 8:1 ಎರಡನೆಯದಕ್ಕೆ ಉತ್ತರ.

ಹೊಸಬ
ಇದನ್ನು ನಮ್ಮ ಸಭೆಯ ಗುಂಪಿಗೆ ಕಳಿಸಬಹುದಾ ಸಿಸ್ಟರ್?

ಮನೋಸೇವಕಿ
ಖಂಡಿತ ಕಳಿಸಿ.

ಇಗರ್ಜಿ_ಗಂಟೆ
"ನನ್ನದೇ ದನಿಯಲ್ಲಿ ಬರುತ್ತದೆ" ಅಂತ ಮೂಡಣ ಬರೆದದ್ದಕ್ಕೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ. ಹದಿನಾರನೇ ಶತಮಾನದಲ್ಲಿ ನಮ್ಮ ಸಂತ, ಶಿಲುಬೆಯ ಯೊವಾನ್ನ ಇದನ್ನೇ ಹೇಳುತ್ತಾರೆ. ಧ್ಯಾನದಲ್ಲಿ ಮುಳುಗಿದಾಗ ನಮ್ಮ ಬುದ್ಧಿಯೇ ಪ್ರಶ್ನೆ ಕೇಳಿ ತಾನೇ ಉತ್ತರ ಕಟ್ಟಿಕೊಳ್ಳುತ್ತದೆ, ಅದು ಎಷ್ಟು ಸಲೀಸು ಅಂದರೆ ಬೇರೆ ಯಾರೋ ಉತ್ತರಿಸಿದ ಹಾಗೇ ಅನಿಸುತ್ತದೆ. ಸ್ವಲ್ಪ ಧ್ಯಾನ ಮಾಡಿದವರೆಲ್ಲ "ದೇವರು ನನಗೆ ಹೇಳಿದರು" ಅನ್ನುವುದು ಅವರಿಗೆ ದಿಗಿಲು ಹುಟ್ಟಿಸುತ್ತಿತ್ತು. ಅದೇ ಕಾಲದ ಸಂತ ಆವಿಲಾದ ತೆರೇಸಾ ಅವರಿಗೆ ಇಂಥ ಅನುಭವಗಳು ಧಾರಾಳವಾಗಿದ್ದವು. ಅವರು ಕೂಡ ಮಾತು ಬಂತು ಅಂತ ಹಾಗೇ ಎದ್ದು ಹೊರಡಬೇಡಿ, ವಿವೇಕಿಯಾದ, ಓದಿಕೊಂಡ ಗುರುವಿನ ಮುಂದೆ ಇಡಿ ಅನ್ನುತ್ತಾರೆ. ಅನುಭವ ಇಲ್ಲದವರು ಹೇಳಿದರೆ ಅಸೂಯೆ ಅನ್ನಬಹುದಿತ್ತು, ಇವರು ಹಾಗಲ್ಲ.

ಕರ್ತನ_ಕೂಸು
ನಾನು ಕೂಗಾಡುವವರ ಪರ ಅಲ್ಲ, ಆದರೆ ಆರಾಧನೆಯಲ್ಲಿ ಮೈ ಜುಮ್ಮೆಂದು ಕಣ್ಣೀರು ಸುರಿದಾಗ ಸಿಕ್ಕ ಮಾತಿಗೆ ತೂಕ ಇಲ್ಲವಾ?

ಬೆರೋಯದವ
ಕಣ್ಣೀರು ಯಾವ ಕಡೆಗೂ ಪುರಾವೆ ಅಲ್ಲ. 1741ರಲ್ಲಿ ಉಜ್ಜೀವನದ, ಅಂದರೆ ಸಭೆಗಳಲ್ಲಿ ಭಕ್ತಿ ಹೊಸದಾಗಿ ಉಕ್ಕುವ ಕಾಲದ, ಬಿಸಿ ಇದ್ದಾಗಲೇ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಇದನ್ನು ಎರಡೂ ಕಡೆಯವರಿಗೆ ಹೇಳಿದರು. ಮೈ ನಡುಗಿತು, ಅಳು ಬಂತು ಅನ್ನುವುದರಿಂದ ಅದು ದೇವರ ಕೆಲಸ ಅಂತಲೂ ಆಗುವುದಿಲ್ಲ, ದೇವರ ಕೆಲಸ ಅಲ್ಲ ಅಂತಲೂ ಆಗುವುದಿಲ್ಲ. ಕ್ರಿಸ್ತನ ಮೇಲೆ ಗೌರವ ಹೆಚ್ಚಿತಾ, ಪಾಪದ ಮೇಲೆ ಆಸೆ ಕಡಿಮೆ ಆಯಿತಾ, ವಚನದ ಮೇಲೆ ಪ್ರೀತಿ ಬೆಳೆಯಿತಾ, ಜನರ ಮೇಲೆ ಪ್ರೀತಿ ಬಂತಾ ಅಂತ ನೋಡಬೇಕು. ಅವರು ಆಧಾರ ಮಾಡಿಕೊಂಡದ್ದು 1 ಯೋಹಾನ 4.

ಗಿದ್ಯೋನ300
ಹಾಗಾದರೆ ಚೀಟಿ ಹಾಕಿದರೆ? ಅಪೊಸ್ತಲರೇ ಹಾಕಿದರಲ್ಲ.

ಬೆರೋಯದವ
ಅಪೊಸ್ತಲರ ಕೃತ್ಯಗಳು 1ರಲ್ಲಿ, ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸುವಾಗ. 2ನೇ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದ ಮೇಲೆ ಅದೇ ಪುಸ್ತಕದಲ್ಲಿ ಇನ್ನೊಮ್ಮೆ ಚೀಟಿಯ ಮಾತು ಬರುವುದಿಲ್ಲ.

ಇಗರ್ಜಿ_ಗಂಟೆ
ಹದಿನೆಂಟನೇ ಶತಮಾನದ ಮೊರೇವಿಯನ್ನರು ಅನ್ನುವ ಪ್ರೊಟೆಸ್ಟಂಟ್ ಪಂಗಡದವರು ಮದುವೆಗೂ ಚೀಟಿ ಹಾಕುತ್ತಿದ್ದರು ಗಿದ್ಯೋನ ಅವರೇ. ಆಮೇಲೆ ಅವರೇ ಬಿಟ್ಟರು.

ಮೇಲ್ವಿಚಾರಕ
ಚೀಟಿಯ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು. ಇಲ್ಲಿ ಮೂಡಣ ಅವರ ಪ್ರಶ್ನೆಗೆ ಬನ್ನಿ.

ಮೂಡಣ_ಬೆಳಕು
ಎಲ್ಲ ಓದಿದೆ. ತಾಳ್ಮೆ ಅಮ್ಮ, ನಿಮ್ಮ ಪ್ರಶ್ನೆಗೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ. "ಇರು" ಅಂತ ಬಂದರೆ ನಾನು ಒಪ್ಪುವುದಿಲ್ಲ, ಇನ್ನೂ ಪ್ರಾರ್ಥನೆ ಮಾಡುತ್ತೇನೆ. ಇದು ನಿಜ. ಇದರ ಅರ್ಥ ಕರೆ ಸುಳ್ಳು ಅಂತಲಾ?

ತಾಳ್ಮೆ
ಅಲ್ಲಪ್ಪ. ಕರೆ ಸುಳ್ಳು ಅಂತ ಅಲ್ಲ, ಕೇಳುವ ಕಿವಿ ಇನ್ನೂ ಸಿದ್ಧವಿಲ್ಲ ಅಂತ.

ಯೆರೆಮೀಯ 42 ತೆಗೆದು ನೋಡು. ಬಾಬೆಲಿನ ಅರಸ ನೇಮಿಸಿದ್ದ ಅಧಿಪತಿ ಗೆದಲ್ಯನ ಕೊಲೆಯಾದ ಮೇಲೆ ಯೆಹೂದದಲ್ಲಿ ಉಳಿದ ಜನರು ಯೆರೆಮೀಯನ ಬಳಿ ಬಂದು, ಒಳ್ಳೆಯದೇ ಆಗಲಿ ಕೆಟ್ಟದ್ದೇ ಆಗಲಿ ದೇವರು ಹೇಳಿದ್ದನ್ನು ಕೇಳುತ್ತೇವೆ, ನಮಗಾಗಿ ಪ್ರಾರ್ಥಿಸು ಅಂದರು. ಎಷ್ಟು ಚೆನ್ನಾದ ಮಾತು. ಆದರೆ ಹಿಂದಿನ ಅಧ್ಯಾಯದ ಕೊನೆ ನೋಡು, ಅವರು ಆಗಲೇ ಐಗುಪ್ತಕ್ಕೆ ಹೊರಟು ಬೇತ್ಲೆಹೇಮಿನ ಹತ್ತಿರ ತಂಗಿದ್ದರು. ಗಂಟು ಕಟ್ಟಿಕೊಂಡು ಬಂದು ದೇವರ ಚಿತ್ತ ಕೇಳಿದರು. ಉತ್ತರ ಹತ್ತು ದಿನ ಆದ ಮೇಲೆ ಬಂತು: ಇಲ್ಲೇ ಇರಿ. "ನೀನು ಸುಳ್ಳು ಹೇಳುತ್ತೀ" ಅಂದರು, ಹೊರಟರು.

ಯೆರೆಮೀಯನೂ ಆ ಹತ್ತು ದಿನ ಬಾಯಿ ಮುಚ್ಚಿಕೊಂಡು ಕಾದ. ಅವನಿಗೆ ಸ್ವಂತ ಅಭಿಪ್ರಾಯ ಇರಲಿಲ್ಲವಾ? ಇತ್ತು. ಅದನ್ನು ದೇವರ ಮಾತು ಅಂತ ಕೊಡಲಿಲ್ಲ. ಅದೇ ಯೆರೆಮೀಯ 32ರಲ್ಲಿ ಇನ್ನೊಂದು ಇದೆ. ಚಿಕ್ಕಪ್ಪನ ಮಗ ಹನಮೇಲನು ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ ಅಂತ ಮೊದಲು ಮಾತು ಬಂತು. ಆಮೇಲೆ ಹನಮೇಲ ನಿಜಕ್ಕೂ ಬಂದ. ಆಗ, "ಇದು ಯೆಹೋವನ ಮಾತು ಎಂದು ತಿಳಿದುಕೊಂಡೆ" ಅನ್ನುತ್ತಾನೆ. ಪ್ರವಾದಿಗೂ ಖಚಿತವಾದದ್ದು ಆಮೇಲೆ.

ಬೆರೋಯದವ
ಮೂಡಣ ಅವರೇ, ಅಮ್ಮ ಹೇಳಿದ ಮೇಲೆ ನನ್ನದೊಂದು ಪ್ರಾಯೋಗಿಕ ಮಾತು. ನೆಹೆಮೀಯ ಓದಿ. ಯೆರೂಸಲೇಮಿನ ಸುದ್ದಿ ಕೇಳಿದ್ದು ಕಿಸ್ಲೇವ್ ತಿಂಗಳಲ್ಲಿ, ರಾಜನ ಮುಂದೆ ಬಾಯಿ ಬಿಟ್ಟದ್ದು ನೀಸಾನಿನಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು ಪ್ರಾರ್ಥನೆ, ಕೆಲಸ ಎರಡೂ ನಡೆದವು. ರಾಜನಿಗೆ ದ್ರಾಕ್ಷಾರಸ ಕೊಡುವ ಕೆಲಸ ಬಿಸಾಕಿ ಓಡಲಿಲ್ಲ. ಎಷ್ಟು ದಿನ ಬೇಕು, ಯಾವಾಗ ವಾಪಸ್ ಬರುತ್ತೀ ಅಂತ ರಾಜ ಕೇಳಿದ, ಇವನು ಕಾಲ ಗೊತ್ತುಮಾಡಿ ಹೇಳಿದ. ಕೂಸು ಅವರಿಗೆ: ರಜೆ ಅರ್ಜಿ ಹಾಕಿದವರೂ ಬೈಬಲಿನಲ್ಲಿ ಇದ್ದಾರೆ. ಪೌಲ ಕೊರಿಂಥದಲ್ಲಿ ಗುಡಾರ ಹೊಲಿಯುತ್ತಲೇ ಸೇವೆ ಮಾಡಿದ.

ಕರ್ತನ_ಕೂಸು
ಒಪ್ಪಿದೆ ಒಪ್ಪಿದೆ. ಆದರೆ ಅದೇ ಪೌಲನ ವಿಷಯಕ್ಕೆ ಬರೋಣ. ಕೃತ್ಯಗಳು 16ರಲ್ಲಿ ಆತ್ಮನು ತಡೆದ, ಬಿಥೂನ್ಯಕ್ಕೂ ಬಿಡಲಿಲ್ಲ, ತ್ರೋವದಲ್ಲಿ ರಾತ್ರಿ ದರ್ಶನ, ಮಕೆದೋನ್ಯದವನೊಬ್ಬ ಕರೆಯುತ್ತಾನೆ. ತಡಮಾಡದೆ ಹೊರಟರು.

ತಾಳ್ಮೆ
ಹೌದು. ದರ್ಶನ ಕಂಡದ್ದು ಪೌಲನೊಬ್ಬನಿಗೆ, ದೇವರು ಕರೆದಿದ್ದಾನೆ ಅಂತ ತೀರ್ಮಾನಿಸಿದ್ದು "ನಾವು". 10ನೇ ವಚನ. ಬಾಗಿಲು ಮುಚ್ಚಿದ್ದನ್ನೂ ಅವರು ಕರೆಯ ಜೊತೆಗೇ ಇಟ್ಟು ನೋಡಿದರು.

ಹೊಸಬ
ನನಗೊಂದು ಗೊಂದಲ. ಕೃತ್ಯಗಳು 21:4ರಲ್ಲಿ ಶಿಷ್ಯರು ಆತ್ಮನ ಪ್ರೇರಣೆಯಿಂದ ಪೌಲನಿಗೆ ಯೆರೂಸಲೇಮಿಗೆ ಹೋಗಬೇಡ ಅಂದರು. ಪೌಲನೋ ಆತ್ಮಬಂಧಿತನಾಗಿ ಹೋಗುತ್ತಿದ್ದೇನೆ ಅಂತ 20:22ರಲ್ಲಿ ಹೇಳಿದ್ದಾನೆ. ಯಾರು ಸರಿ? ಒಬ್ಬನೇ ಆತ್ಮ ಎರಡು ಮಾತು ಹೇಳಿದರಾ?

ಇಗರ್ಜಿ_ಗಂಟೆ
ಇದೇ ಈ ಚರ್ಚೆಯ ಗಂಟು ಅನಿಸುತ್ತದೆ ನನಗೆ.

ಬೆರೋಯದವ
ನಾನು ಓದುವುದು ಹೀಗೆ. ಮುಂದೆ 21:11ರಲ್ಲಿ ಅಗಬ ಅನ್ನುವ ಪ್ರವಾದಿ ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಈ ನಡುಕಟ್ಟಿನವನನ್ನು ಹೀಗೆ ಕಟ್ಟುತ್ತಾರೆ ಅಂದ. ಆತ್ಮನು ತೋರಿಸಿದ್ದು ಅಷ್ಟು. ಹೋಗಬೇಡ ಅಂತ ಅಗಬ ಹೇಳಲಿಲ್ಲ. 12ರಲ್ಲಿ ಕೇಳಿದವರು, ಈ ಪುಸ್ತಕ ಬರೆದ ಲೂಕನೂ ಸೇರಿ, ಹೋಗಬೇಡ ಅಂತ ಬೇಡಿಕೊಂಡರು. ಅಪಾಯ ಇದೆ ಅನ್ನುವುದು ಆತ್ಮನದು, ಆದ್ದರಿಂದ ಹೋಗಬೇಡ ಅನ್ನುವುದು ಅವರ ಪ್ರೀತಿಯದು. 4ನೇ ವಚನದಲ್ಲೂ ಆಗಿರುವುದು ಅದೇ ಅಂತ ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಕರ್ತನ_ಕೂಸು
ಬೆರೋಯ ಅವರೇ, ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾವು ಪ್ರವಾದನೆ ಕಲಿಸುವಾಗಲೂ ಕಂಡದ್ದು ಬೇರೆ, ಅದರ ಅರ್ಥ ಬೇರೆ, ಅದಕ್ಕೆ ಏನು ಮಾಡಬೇಕು ಅನ್ನುವುದು ಬೇರೆ ಅಂತಲೇ ಹೇಳಿಕೊಡುತ್ತೇವೆ.

ಹೊಸಬ
ನೀವಿಬ್ಬರೂ ಒಪ್ಪಿದ್ದು ಈ ಚರ್ಚೆಯಲ್ಲಿ ಇದೇ ಮೊದಲು!

ಮೂಡಣ_ಬೆಳಕು
ಇದನ್ನು ಓದಿ ಒಂದು ಹಾಳೆ ತೆಗೆದುಕೊಂಡು ನನ್ನ ಮಾತನ್ನು ಬಿಡಿಸಿ ಬರೆದೆ. ಯೌವನಸ್ಥರ ಮೇಲಿನ ಭಾರ ಒಂದು. ಅದು ಆಫೀಸಿನ ಬೇಸರಕ್ಕಿಂತ ಹಳೆಯದು, ಚೆನ್ನಾಗಿದ್ದ ದಿನಗಳಲ್ಲೂ ಇತ್ತು, ಪ್ರಾರ್ಥನೆ ಮುಗಿದ ಮೇಲೂ ಉಳಿಯುತ್ತದೆ. ಕೆಲಸ ಬಿಡು ಅನ್ನುವುದು ಇನ್ನೊಂದು. ಅದು ಮ್ಯಾನೇಜರ್ ಜೊತೆ ಜಗಳವಾದ ವಾರಗಳಲ್ಲೇ ಜೋರಾಗುತ್ತದೆ. ಇಷ್ಟು ದಿನ ಎರಡನ್ನೂ ಒಂದೇ ಮಾತು ಅಂತ ಕೇಳಿಸಿಕೊಂಡಿದ್ದೆ.

ಹೆಂಡತಿಗೆ ತೋರಿಸಿದೆ. ಮೊದಲನೆಯದಕ್ಕೆ ಅವಳು ಯಾವತ್ತೂ ಬೇಡ ಅಂದಿರಲಿಲ್ಲವಂತೆ.

ಸುಮ್ನೆ_ಓದೋಳು
ಅವರನ್ನು ಮೊದಲೇ ಸರಿಯಾಗಿ ಕೇಳಿದ್ದೀರಾ ಅಣ್ಣ, ಅಥವಾ ನಿರ್ಧಾರ ಹೇಳಿದ್ದೀರಾ?

ಮೂಡಣ_ಬೆಳಕು
ಹೇಳಿದ್ದೆ. ಈಗ ಕೇಳಿದೆ. ಸದ್ಯಕ್ಕೆ ಕೆಲಸದಲ್ಲೇ ಇದ್ದು ಶನಿವಾರ ಭಾನುವಾರ ಯೌವನಸ್ಥರ ಗುಂಪು ನೋಡಿಕೊಳ್ಳುವುದು, ಬೇಸರ ಕಳೆದ ಮೇಲೂ ಎರಡನೇ ಮಾತು ಉಳಿಯುತ್ತದಾ ನೋಡುವುದು ಅಂತ ಇಬ್ಬರೂ ಅಂದುಕೊಂಡಿದ್ದೇವೆ. ಮುಂದಿನ ವಾರ ಇನ್ನೂ ಇಬ್ಬರು ಹಿರಿಯರ ಜೊತೆ ಕೂರುತ್ತೇವೆ.

ತಾಳ್ಮೆ
ಒಳ್ಳೆಯದು. ಆ ಇಬ್ಬರಲ್ಲಿ ಒಬ್ಬರಾದರೂ ನಿನಗೆ ಇಷ್ಟವಿಲ್ಲದ್ದನ್ನು ಮುಖಕ್ಕೆ ಹೇಳುವಂಥವರು ಇರಲಿ. ಅವರಿಗೆ ಹಾಳೆಯ ಎರಡೂ ಸಾಲು ತೋರಿಸು, ಪಾಸ್ಟರ್ ಏನಂದರು ಅಂತ ಮೊದಲೇ ಹೇಳಬೇಡ.